ಒಂದೇ ಸೆಲ್‌ನ ಟಾರ್ಚ್: ಮೋಲಿಸೆಲ್ ಪಿ42ಎ ಮತ್ತು ಬೂಸ್ಟ್ ಡ್ರೈವರ್ ಬಳಸಿ ನೋಡಿದ ಮೇಲೆ

ಸ್ವಂತ ಟಾರ್ಚ್ ಕಟ್ಟಲು ಹೊರಡುವವರಲ್ಲಿ ಬಹಳ ಮಂದಿ ಮೊದಲು ಸೆಲ್ ಕೊಂಡು, ಆಮೇಲೆ ಅದಕ್ಕೆ ಹೊಂದುವ ಡ್ರೈವರ್ (ಸೆಲ್‌ನಿಂದ ಎಲ್‌ಇಡಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಸರ್ಕ್ಯೂಟ್) ಹುಡುಕುತ್ತಾರೆ. ಈ ಕ್ರಮ ತಲೆಕೆಳಗಾದದ್ದು ಎಂಬುದು ನನ್ನ ಅಭಿಪ್ರಾಯ. ಎಲ್‌ಇಡಿ ಎಷ್ಟು ವೋಲ್ಟ್ ಬೇಡುತ್ತದೆ ಎಂಬುದು ಡ್ರೈವರ್ ಯಾವುದೆಂದು ಹೇಳುತ್ತದೆ, ಆ ಡ್ರೈವರ್ ಎಳೆಯುವ ಕರೆಂಟ್ ಸೆಲ್ ಯಾವುದೆಂದು ಹೇಳುತ್ತದೆ.

ನಾನು ಆರಿಸಿಕೊಂಡದ್ದು ಕ್ರೀ ಕಂಪನಿಯ ಎಕ್ಸ್‌ಎಚ್‌ಪಿ70.2 ಎಲ್‌ಇಡಿ. ಕನಕಪುರದ ಕಡೆಯ ನಮ್ಮ ತೋಟದಲ್ಲಿ ತ್ರೀ ಫೇಸ್ ಕರೆಂಟ್ ರಾತ್ರಿ ಹೊತ್ತೇ ಬರುವುದರಿಂದ, ಪಂಪ್‌ಹೌಸ್‌ಗೆ ಹೋಗಿ ಬರುವವರೆಗೆ ಕುಗ್ಗದ, ಹರಡಿದ ಬೆಳಕು ಬೇಕಾಗಿತ್ತು. 6 ವೋಲ್ಟ್ ಜೋಡಣೆಯಲ್ಲಿ ಈ ಎಲ್‌ಇಡಿಗೆ 4 ಆಂಪಿಯರ್ ಕೊಟ್ಟರೆ ಸುಮಾರು 24 ವ್ಯಾಟ್ ಆಗುತ್ತದೆ. ತುಂಬಿದ ಲಿಥಿಯಂ ಸೆಲ್‌ನಲ್ಲಿ ಇರುವುದು 4.2 ವೋಲ್ಟ್ ಮಾತ್ರ. ಆದ್ದರಿಂದ ಎರಡು ಸೆಲ್‌ಗಳನ್ನು ಸರಣಿಯಲ್ಲಿಟ್ಟು ವೋಲ್ಟೇಜ್ ಇಳಿಸುವ ಬಕ್ ಡ್ರೈವರ್ ಹಾಕಬೇಕು, ಇಲ್ಲವೇ ಒಂದೇ ಸೆಲ್‌ಗೆ ವೋಲ್ಟೇಜ್ ಏರಿಸುವ ಬೂಸ್ಟ್ ಡ್ರೈವರ್ ಹಾಕಬೇಕು. ಸರಣಿಯಲ್ಲಿ ಎರಡು ಸೆಲ್ ಎಂದರೆ ಎರಡೂ ಸಮನಾಗಿ ಹಳತಾಗಬೇಕು, ಸಮನಾಗಿ ಚಾರ್ಜ್ ಆಗಿರಬೇಕು. ಮನೆಯಲ್ಲಿ ಹಲವರು ಬಳಸುವ ಟಾರ್ಚ್‌ಗೆ ಆ ಶಿಸ್ತು ನಡೆಯುವುದಿಲ್ಲ.

3 ವೋಲ್ಟ್ ಎಲ್‌ಇಡಿಗಳಿಗೆ ಇರುವ ಅಗ್ಗದ ದಾರಿಗಳನ್ನೂ ಹೇಳಿಬಿಡುತ್ತೇನೆ. ಎಎಮ್‌ಸಿ7135 ಚಿಪ್‌ಗಳನ್ನು ಸಾಲಾಗಿ ಕೂರಿಸಿದ ಲೀನಿಯರ್ ಡ್ರೈವರ್ ಸರಳ, ನಂಬಿಕಸ್ಥ. ಒಂದೊಂದು ಚಿಪ್ 350 ಮಿಲಿಆಂಪಿಯರ್ ಕೊಡುವುದರಿಂದ ಎಂಟು ಚಿಪ್‌ಗಳಿಗೆ 2.8 ಆಂಪಿಯರ್; ಆದರೆ ಹೆಚ್ಚುವರಿ ವೋಲ್ಟೇಜೆಲ್ಲ ಶಾಖವಾಗಿ ಹೋಗುತ್ತದೆ. ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಡ್ರೈವರ್ ಸೆಲ್ ಅನ್ನು ಎಲ್‌ಇಡಿಗೆ ನೇರವಾಗಿಯೇ ಜೋಡಿಸಿದಂತೆ. ಹೊಸದಾಗಿ ಚಾರ್ಜ್ ಮಾಡಿದಾಗ ಕಣ್ಣು ಕುಕ್ಕುತ್ತದೆ, ಸೆಲ್ ಇಳಿದಂತೆ ಬೆಳಕೂ ಇಳಿಯುತ್ತದೆ. ಗೆಳೆಯರ ಮುಂದೆ ಮೆರೆಸಲು ಅದು ಚೆನ್ನ.

ಬೂಸ್ಟ್ ಡ್ರೈವರ್‌ನ ಲೆಕ್ಕ ಬೇರೆ. ದಕ್ಷತೆ ಶೇ. 90 ಎಂದು ಹಿಡಿದರೆ ಸೆಲ್‌ನಿಂದ ಸುಮಾರು 27 ವ್ಯಾಟ್ ಎಳೆಯಬೇಕು. ಸೆಲ್ 3.5 ವೋಲ್ಟ್‌ನಲ್ಲಿರುವಾಗ ಅದು 7.6 ಆಂಪಿಯರ್, 3 ವೋಲ್ಟ್‌ಗೆ ಇಳಿದಾಗ ಸುಮಾರು 9. ಎಂದರೆ ಸೆಲ್ ಸೋಲುತ್ತಾ ಬಂದಷ್ಟೂ ಅದರ ಮೇಲಿನ ಹೊರೆ ಏರುತ್ತದೆ. ಸ್ಯಾಮ್‌ಸಂಗ್ 50ಇ ಸೆಲ್‌ಗೆ ಕಾಗದದ ಮೇಲೆ ಸಾಮರ್ಥ್ಯ 5000 ಮಿಲಿಆಂಪಿಯರ್ ಅವರ್, ಗರಿಷ್ಠ ಕರೆಂಟ್ 9.8 ಆಂಪಿಯರ್; ಈ ಕೆಲಸಕ್ಕೆ ಅದು ಮಿತಿಯ ಅಂಚಿನಲ್ಲೇ ದುಡಿಯಬೇಕಾಗುತ್ತದೆ. ಮೋಲಿಸೆಲ್ ಪಿ42ಎ 4200 ಮಾತ್ರವಾದರೂ 45 ಆಂಪಿಯರ್ ತಡೆಯುತ್ತದೆ, ಒಳರೋಧ ಕಡಿಮೆ ಇರುವುದರಿಂದ ವೋಲ್ಟೇಜ್ ಕುಸಿಯುವುದೂ ಕಡಿಮೆ. ನಾನು ಇದನ್ನೇ ಉಳಿಸಿಕೊಂಡೆ. ಅರ್ಧಕ್ಕೂ ಹೆಚ್ಚು ಖಾಲಿಯಾದ ಮೇಲೂ ಬೆಳಕು ಮೊದಲಿನಷ್ಟೇ ಇರುತ್ತದೆ.

ಸೆಲ್ ಕೊಳ್ಳುವ ವಿಷಯದಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌.ಪಿ. ರಸ್ತೆಯ ಅನುಭವ ಮಿಶ್ರವಾದದ್ದು. ಒಂದು ಅಂಗಡಿಯಲ್ಲಿ 9900 ಮಿಲಿಆಂಪಿಯರ್ ಅವರ್ ಎಂದು ಮುದ್ರಿಸಿದ 18650 (18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ) ಸೆಲ್ ತೋರಿಸಿ, "ಇದಕ್ಕಿಂತ ಪವರ್ ಯಾವುದರಲ್ಲೂ ಇಲ್ಲ ಸಾರ್" ಎಂದರು. ನಂಬಿಕಸ್ಥ ತಯಾರಕರ ಆ ಅಳತೆಯ ಸೆಲ್‌ಗಳು 3500ರ ಆಸುಪಾಸಿನಲ್ಲೇ ನಿಲ್ಲುತ್ತವೆ, ತೂಕವೂ 45 ಗ್ರಾಂಗಿಂತ ಬಹಳ ಕಡಿಮೆ ಇರುವುದಿಲ್ಲ. ಅಂಗೈಯಲ್ಲಿ ಹಿಡಿದರೆ ಈ ಸೆಲ್ ಪೊಳ್ಳೆಂದು ತಿಳಿಯುತ್ತಿತ್ತು. ಬೆಸುಗೆ ಸಾಮಾನು, ದಪ್ಪ ತಾಮ್ರದ ತಂತಿ, ಥರ್ಮಲ್ ಪೇಸ್ಟ್ ಮಾತ್ರ ಅದೇ ರಸ್ತೆಯಲ್ಲಿ ಸಲೀಸಾಗಿ ಸಿಕ್ಕವು. ಡ್ರೈವರ್ ಅನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆ.

ಆ ತಾಮ್ರದ ತಂತಿಯ ಕೆಲಸ ಸಣ್ಣದಲ್ಲ. ಹಿಂಬದಿ ಮುಚ್ಚಳದ ಸ್ಪ್ರಿಂಗ್‌ನಲ್ಲಿ 30 ಮಿಲಿಓಮ್ ರೋಧವಿದ್ದರೂ 8 ಆಂಪಿಯರ್ ಹರಿಯುವಾಗ ಅಲ್ಲಿಯೇ ಸುಮಾರು 2 ವ್ಯಾಟ್ ಪೋಲಾಗುತ್ತದೆ, ಸ್ಪ್ರಿಂಗ್ ಕಾದು ಮೆತ್ತಗಾಗುತ್ತದೆ. ಸ್ಪ್ರಿಂಗ್‌ನ ತುದಿಯಿಂದ ಬುಡಕ್ಕೆ ತಂತಿಯೊಂದನ್ನು, ಒತ್ತಿದಾಗ ಮಡಚಿಕೊಳ್ಳುವಷ್ಟು ಸಡಿಲ ಬಿಟ್ಟು, ಬೆಸೆದರೆ ಸಾಕು.

ಕೊರತೆಗಳಿವೆ. ಪೂರ್ಣ ಬೆಳಕಿನಲ್ಲಿ ಕೆಲವೇ ನಿಮಿಷಗಳಲ್ಲಿ ಟಾರ್ಚಿನ ಮೈ ಹಿಡಿಯಲಾಗದಷ್ಟು ಬಿಸಿಯಾಗಿ, ಡ್ರೈವರ್ ತಾನೇ ಬೆಳಕನ್ನು ತಗ್ಗಿಸುತ್ತದೆ. ಅದಕ್ಕೆ ಹೆಚ್ಚು ಅಲ್ಯೂಮಿನಿಯಂ ಇರುವ ಮೈಯೇ ಮದ್ದು, ಸೆಲ್ ಬದಲಿಸಿ ಫಲವಿಲ್ಲ. ನಡೆದಾಡಲು ನಡುಮಟ್ಟದ ಬೆಳಕೇ ಧಾರಾಳ. ಪಿ42ಎ ಸೆಲ್‌ಗೆ ರಕ್ಷಣಾ ಸರ್ಕ್ಯೂಟ್ ಇಲ್ಲ, ಹೀಗಾಗಿ ವೋಲ್ಟೇಜ್ ತೀರಾ ಇಳಿದಾಗ ತಾನೇ ಆರುವ ಡ್ರೈವರ್ ಇದಕ್ಕೆ ಕಡ್ಡಾಯ. ಮನೆಯಲ್ಲಿ 18650 ಚಾರ್ಜರ್ ಇದ್ದರೆ, 70 ಮಿಲಿಮೀಟರ್ ಉದ್ದದ ಈ 21700 ಸೆಲ್ ಅದರಲ್ಲಿ ಕೂರುತ್ತದೆಯೇ ಎಂದು ಅಳೆದು ನೋಡಿಯೇ ಕೊಳ್ಳಿ.