ಬೆಂಗಳೂರಿನ ತಾರಸಿಯಿಂದ ಹಾರ್ಸ್‌ಹೆಡ್ ನೀಹಾರಿಕೆ: ಡ್ಯುಯಲ್ ಬ್ಯಾಂಡ್ ಫಿಲ್ಟರ್ ಬಳಸಿದ ಅನುಭವ

ಸಿಟಿಯಲ್ಲಿದ್ದು ನೀಹಾರಿಕೆಗಳ ಫೋಟೊ ತೆಗೆಯುವ ಆಸೆ ಇದ್ದರೆ, ದೊಡ್ಡ ಟೆಲಿಸ್ಕೋಪಿಗೆ ದುಡ್ಡು ಹಾಕುವ ಮೊದಲು ಒಂದು ಡ್ಯುಯಲ್ ಬ್ಯಾಂಡ್ ಫಿಲ್ಟರ್ ತಗೊಳ್ಳಿ. ಕೆಲವು ವರ್ಷ ಬಳಸಿದ ಮೇಲೆ ಹೇಳುತ್ತಿದ್ದೇನೆ. ನನ್ನದು 7 ನ್ಯಾನೊಮೀಟರ್ ಫಿಲ್ಟರ್, ಅಂದರೆ ಅದು ಬಿಡುವ ಎರಡು ಬಣ್ಣದ ಪಟ್ಟಿಗಳ ಅಗಲ ತಲಾ ಅಷ್ಟೇ. ಜೊತೆಗೆ 80 ಮಿ.ಮೀ. ರಿಫ್ರಾಕ್ಟರ್ (ಲೆನ್ಸ್ ಟೆಲಿಸ್ಕೋಪ್), ಕಲರ್ ಕ್ಯಾಮೆರಾ, ನಕ್ಷತ್ರವನ್ನು ನೋಡುತ್ತಾ ತಾನೇ ಸರಿಪಡಿಸಿಕೊಂಡು ತಿರುಗುವ (ಗೈಡಿಂಗ್ ಇರುವ) ಮೌಂಟ್.

ಹೈಡ್ರೋಜನ್ ಹೊಳೆಯುವ 656.3 ಮತ್ತು ಆಕ್ಸಿಜನ್ ಹೊಳೆಯುವ 500.7 ನ್ಯಾನೊಮೀಟರ್ ಸುತ್ತಮುತ್ತಲಿನ ಬೆಳಕನ್ನು ಮಾತ್ರ ಇದು ಒಳಗೆ ಬಿಡುತ್ತದೆ. ಎಲ್‌ಇಡಿ ಬೀದಿದೀಪದ ಬೆಳಕು ಎಲ್ಲ ಬಣ್ಣಕ್ಕೂ ಹರಡಿರುವುದರಿಂದ ಹಳೇ ಥರದ ಫಿಲ್ಟರ್‌ಗಳಿಗೆ ಅದು ಬಗ್ಗುವುದಿಲ್ಲ. ಈ ಫಿಲ್ಟರ್ ಹೆಚ್ಚುಕಮ್ಮಿ ಎಲ್ಲವನ್ನೂ ತಡೆಯುತ್ತದೆ.

ನಾನು ಜಾಸ್ತಿ ಹಿಂದೆ ಬಿದ್ದದ್ದು ಹಾರ್ಸ್‌ಹೆಡ್ ನೀಹಾರಿಕೆಯ ಹಿಂದೆ. ಓರಿಯನ್ ನಕ್ಷತ್ರಪುಂಜದ ಬೆಲ್ಟ್ ಎನ್ನುವ ಮೂರು ನಕ್ಷತ್ರಗಳ ಸಾಲಿನಲ್ಲಿರುವ ಆಲ್ನಿಟಾಕ್ ನಕ್ಷತ್ರದ ಪಕ್ಕದಲ್ಲಿದೆ. 1888ರಲ್ಲಿ ಖಗೋಳಜ್ಞೆ ವಿಲಿಯಮಿನಾ ಫ್ಲೆಮಿಂಗ್ ಇದನ್ನು ಹಾರ್ವರ್ಡ್ ವೀಕ್ಷಣಾಲಯದ ಫೋಟೊ ಪ್ಲೇಟಿನಲ್ಲಿ ಗುರುತಿಸಿದರು. ಕುದುರೆ ತಲೆ ಅಂದರೆ ಕಪ್ಪು ದೂಳು. ಹಿಂದಿರುವ ಐಸಿ 434 ಎಂಬ ಕೆಂಪು ಹೈಡ್ರೋಜನ್ ಬಂದರೆ ಮಾತ್ರ ತಲೆಯೂ ಕಾಣುತ್ತದೆ. ಫಿಲ್ಟರ್ ಇಲ್ಲದಾಗ ಸಿಟಿ ಬೆಳಕು ಆ ಕೆಂಪನ್ನೇ ನುಂಗಿಬಿಡುತ್ತದೆ. ಫಿಲ್ಟರ್ ಹಾಕಿದರೆ 300 ಸೆಕೆಂಡಿನ ಒಂದೇ ಫ್ರೇಮಿನಲ್ಲಿ, ಸ್ಟ್ರೆಚ್ ಮಾಡಿ (ಮಸುಕು ಭಾಗವನ್ನು ಬೆಳಗಿಸಿ) ನೋಡಿದಾಗ, ಮೂತಿ ಮತ್ತು ಕತ್ತಿನ ಬಾಗು ಸಿಗುತ್ತದೆ. ಗಂಟೆಗಟ್ಟಲೆ ತೆಗೆದು, ಎಲ್ಲ ಫ್ರೇಮುಗಳನ್ನೂ ಒಂದರ ಮೇಲೊಂದು ಸೇರಿಸಿದ (ಸ್ಟ್ಯಾಕ್ ಮಾಡಿದ) ಮೇಲೆ ಕೆಂಪಿನೊಳಗಿನ ನವಿರು ಗೆರೆಗಳೂ ಎದ್ದು ಬಂದವು. ನಮ್ಮ ತಾರಸಿಯಿಂದ ಇದು! ಈಗಲೂ ನೋಡಿದರೆ ಖುಷಿಯಾಗುತ್ತದೆ.

ಬೇಜಾರಿನ ವಿಷಯ ಆಲ್ನಿಟಾಕ್. ಅದರ ಸುತ್ತ ದೊಡ್ಡದಾಗಿ ಒಂದು ಮಸುಕು ಬಳೆ ಬರುತ್ತದೆ. ಫಿಲ್ಟರಿನೊಳಗೆ ಬೆಳಕು ಹಿಂದೆ ಮುಂದೆ ಪುಟಿಯುವುದರಿಂದ ಆಗುವುದು. ಪ್ರೊಸೆಸಿಂಗ್‌ನಲ್ಲಿ ತಗ್ಗಿಸಬಹುದು, ಪೂರ್ತಿ ಹೋಗುವುದಿಲ್ಲ. ಕೊಳ್ಳುವ ಮುಂಚೆ ಆ ಫಿಲ್ಟರಿನಲ್ಲಿ ಬೇರೆಯವರು ತೆಗೆದ ಆಲ್ನಿಟಾಕ್ ಚಿತ್ರ ನೋಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಸಮಯವೂ ಜಾಸ್ತಿ ಬೇಕು. ಕಲರ್ ಕ್ಯಾಮೆರಾದಲ್ಲಿ ಹೈಡ್ರೋಜನ್‌ನ ಕೆಂಪು ಬೆಳಕು ಹಿಡಿಯುವುದು ನಾಲ್ಕು ಪಿಕ್ಸೆಲ್‌ಗೆ ಒಂದೇ ಅಲ್ವಾ? ಫಿಲ್ಟರ್ ಹಾಕಿದ ಮೇಲೆ ಫೋಕಸ್ ಮತ್ತೆ ಮಾಡಲೇಬೇಕು, ಬಾಟಿನೊವ್ ಮಾಸ್ಕ್ (ಫೋಕಸ್ ಸರಿ ಇದೆಯಾ ತೋರಿಸುವ, ಟೆಲಿಸ್ಕೋಪಿನ ಬಾಯಿಗೆ ಹಾಕುವ ಸೀಳುಗಳಿರುವ ಮುಚ್ಚಳ) ಇದ್ದರೆ ಸುಲಭ. ಉಚಿತವಾಗಿ ಸಿಗುವ ಸಿರಿಲ್ ಸಾಫ್ಟ್‌ವೇರಿನಲ್ಲಿ ಹೈಡ್ರೋಜನ್, ಆಕ್ಸಿಜನ್ ಎರಡನ್ನೂ ಬೇರೆ ಮಾಡುವ ಸ್ಕ್ರಿಪ್ಟ್ ಇದೆ. ಬೆಳದಿಂಗಳಲ್ಲೂ ಹೈಡ್ರೋಜನ್ ಚೆನ್ನಾಗಿ ಬರುತ್ತದೆ, ಆಕ್ಸಿಜನ್‌ಗೆ ಮಾತ್ರ ಕತ್ತಲೆ ಬೇಕು.

ಗ್ಯಾಲಕ್ಸಿಗೆ, ಕೃತ್ತಿಕೆಯ ನೀಲಿ ಮಂಜಿಗೆ ಇದನ್ನು ಹಾಕಬೇಡಿ. ಸುಮ್ನೆ ರಾತ್ರಿ ಹಾಳು. ಅವುಗಳ ಬೆಳಕೂ ಎಲ್ಲ ಬಣ್ಣಕ್ಕೆ ಹರಡಿರುತ್ತದೆ.

ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡುತ್ತೇನೆ. ಇದುವರೆಗೆ ಫಂಗಸ್ ಬಂದಿಲ್ಲ, ಕೋಟಿಂಗ್ ಹಾಗೇ ಇದೆ. ನಿಮ್ಮದು ಎಫ್/2 ಟೆಲಿಸ್ಕೋಪ್ (ಫೋಕಲ್ ಲೆಂಗ್ತ್ ಬಾಯಿಯ ಅಗಲದ ಎರಡರಷ್ಟೇ ಇರುವುದು) ಆದರೆ ಅದಕ್ಕೆಂದೇ ಮಾಡಿದ ಫಿಲ್ಟರ್ ಕೇಳಿ ತಗೊಳ್ಳಿ. ಬೆಳಕು ಅಷ್ಟು ಓರೆಯಾಗಿ ಬಿದ್ದರೆ ಫಿಲ್ಟರ್ ಬಿಡುವ ಬಣ್ಣವೇ ಸ್ವಲ್ಪ ಸರಿದುಹೋಗುತ್ತದೆ.