ಸೂರ್ಯನೆಡೆಗೆ ಡೆಲ್ಟಾ-4 ಹೆವಿ: ಪಾರ್ಕರ್ ಉಡಾವಣೆಯ ಗುಣ-ದೋಷ

ಚಳ್ಳಕೆರೆ ಹತ್ತಿರದ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಇಸ್ರೋದ ಮರುಬಳಕೆ ವಾಹನದ ಮಾದರಿ 2023ರ ಏಪ್ರಿಲ್ 2ರಂದು ತಾನಾಗಿಯೇ ರನ್‌ವೇಗೆ ಇಳಿಯಿತು. ಅದೇ ವರ್ಷ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ಹಾರಿತು. ಇವೆರಡನ್ನೂ ನೋಡಿದ ಚಿತ್ರದುರ್ಗ, ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಸುಮಾರು 1,480 ಕೆ.ಜಿ. ತೂಕದ ಆದಿತ್ಯನನ್ನು ನಮ್ಮ ಪಿಎಸ್‌ಎಲ್‌ವಿ ಕಳಿಸಿತು. ಸೂರ್ಯನ ತೀರ ಹತ್ತಿರಕ್ಕೆ ಹೋಗಲೆಂದು ನಾಸಾ ಕಳಿಸಿದ ಪಾರ್ಕರ್ ಸೋಲಾರ್ ಪ್ರೋಬ್ ತೂಗುವುದು 685 ಕೆ.ಜಿ. ಅರ್ಧಕ್ಕಿಂತ ಕಡಿಮೆ ತೂಕದ ಈ ನೌಕೆಗೆ ಡೆಲ್ಟಾ-4 ಹೆವಿಯಂಥ ಅಮೆರಿಕದ ದೈತ್ಯ ರಾಕೆಟ್ ಯಾಕೆ ಬೇಕಿತ್ತು? 2015ರಲ್ಲಿ ನಾಸಾ ಈ ಒಂದು ಉಡಾವಣೆಗೆ 38.91 ಕೋಟಿ ಡಾಲರ್ ಗುತ್ತಿಗೆ ಕೊಟ್ಟಿತ್ತು. ಆ ದುಡ್ಡಿಗೆ ತಕ್ಕ ಕೆಲಸ ಆಯಿತೇ?

ಆಯಿತು. ಆದರೆ ಹೊಗಳಬೇಕಾದದ್ದು ಎಲ್ಲರ ಕಣ್ಣಿಗೆ ಬೀಳುವ ಕೆಳಗಿನ ಮೂರು ಬೂಸ್ಟರ್‌ಗಳನ್ನಲ್ಲ, ಅವುಗಳ ಮೇಲೆ ಕೂತಿದ್ದ ಎರಡು ಹಂತಗಳನ್ನು.

ಆದಿತ್ಯ ಹೋದದ್ದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿಗೆ. ಅಲ್ಲಿ ಅದು ಭೂಮಿಯ ಜತೆಜತೆಗೇ ಸೂರ್ಯನನ್ನು ಸುತ್ತುತ್ತದೆ. ಪಾರ್ಕರ್ ಸೂರ್ಯನ ಹತ್ತಿರಕ್ಕೆ ಬೀಳಬೇಕು. ಭೂಮಿ ಸೆಕೆಂಡಿಗೆ 29.8 ಕಿ.ಮೀ. ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿರುವುದರಿಂದ, ಅದರ ಮೇಲಿಂದ ಹೊರಟ ಯಾವ ನೌಕೆಗೂ ಆ ವೇಗ ಹುಟ್ಟಿನಿಂದಲೇ ಬಂದಿರುತ್ತದೆ. ಒಳಕ್ಕೆ ಬೀಳಬೇಕಾದರೆ ಅದನ್ನು ಕಳೆದುಕೊಳ್ಳಬೇಕು, ಅಂದರೆ ಭೂಮಿ ಓಡುವ ದಿಕ್ಕಿಗೆ ವಿರುದ್ಧವಾಗಿ ಜೋರಾಗಿ ಎಸೆಯಬೇಕು. ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೆದ್ದಾರಿ 48ರಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವ ಲಾರಿಯ ಹಿಂಬದಿಯಿಂದ ಚೆಂಡನ್ನು 33ರ ವೇಗದಲ್ಲಿ ಹಿಂದಕ್ಕೆ ಎಸೆದರೂ, ರಸ್ತೆ ಪಕ್ಕ ನಿಂತವನ ಕಣ್ಣಿಗೆ ಆ ಚೆಂಡು ಇನ್ನೂ 47ರ ವೇಗದಲ್ಲಿ ಚಿತ್ರದುರ್ಗದ ಕಡೆಗೇ ಹೋಗುತ್ತಿರುತ್ತದೆ. ಪಾರ್ಕರ್ ಕಥೆಯೂ ಇದೇ ಅನುಪಾತದ್ದು.

ಲೆಕ್ಕ ಹಾಕಿ ನೋಡಿ. ಪಾರ್ಕರ್‌ಗೆ ಬೇಕಿದ್ದ ಉಡಾವಣಾ ಶಕ್ತಿ, ಈ ಕ್ಷೇತ್ರದವರು ಸಿ3 ಅನ್ನುವುದು, ಸುಮಾರು 154. ಇದರ ವರ್ಗಮೂಲ 12.4. ಅಂದರೆ ಭೂಮಿಯ ಸೆಳೆತ ದಾಟಿದ ಮೇಲೂ ನೌಕೆಯಲ್ಲಿ ಸೆಕೆಂಡಿಗೆ 12.4 ಕಿ.ಮೀ. ವೇಗ ಉಳಿದಿರಬೇಕು. ಕೆಳ ಕಕ್ಷೆಯ ಎತ್ತರದಲ್ಲಿ ಭೂಮಿಯಿಂದ ಬಿಡುಗಡೆಯ ವೇಗ 11 ಕಿ.ಮೀ. ಅದರ ವರ್ಗ 121. ಅದಕ್ಕೆ 154 ಕೂಡಿಸಿದರೆ 275, ವರ್ಗಮೂಲ 16.6. ಕಕ್ಷೆಯಲ್ಲಿ ಆಗಲೇ 7.8 ಕಿ.ಮೀ. ವೇಗ ಇರುವುದರಿಂದ, ಅಲ್ಲಿಂದ ಮೇಲೆ ಇನ್ನೂ 8.8 ಕಿ.ಮೀ. ಕೂಡಿಸಬೇಕು. ಎಲ್1ಕ್ಕೆ ಹೋಗಲು ಅದೇ ಕೆಳ ಕಕ್ಷೆಯಿಂದ ಸುಮಾರು 3.2 ಸಾಕು. ರಾಕೆಟ್ ಸಮೀಕರಣದಲ್ಲಿ ವೇಗ ನೇರವಾಗಿ ಏರಿದರೆ ಇಂಧನ ಘಾತದಲ್ಲಿ ಏರುತ್ತದೆ. 28 ಟನ್‌ಗೂ ಹೆಚ್ಚು ತೂಕವನ್ನು ಕೆಳ ಕಕ್ಷೆಗೆ ಎತ್ತಬಲ್ಲ ರಾಕೆಟ್ ಇಲ್ಲಿ ಮುಕ್ಕಾಲು ಟನ್ನೂ ಇಲ್ಲದ ನೌಕೆಯನ್ನು ಹೊತ್ತದ್ದು ಅದಕ್ಕೇ.

ಇನ್ನು ವಾಹನ. ಕೆಳಗೆ ಒಂದೇ ಅಳತೆಯ ಮೂರು ಬೂಸ್ಟರ್, ಒಂದೊಂದಕ್ಕೂ ಒಂದು ಆರ್‌ಎಸ್-68ಎ ಎಂಜಿನ್, ಒಂದೊಂದರಲ್ಲೂ ಸುಮಾರು 200 ಟನ್ ದ್ರವ ಜಲಜನಕ ಮತ್ತು ದ್ರವ ಆಮ್ಲಜನಕ. ಮೇಲೆದ್ದ ಸ್ವಲ್ಪ ಹೊತ್ತಿಗೆ ನಡುವಿನ ಎಂಜಿನ್‌ನ ನೂಕುಬಲವನ್ನು ಸುಮಾರು ಅರ್ಧಕ್ಕೆ ಇಳಿಸುತ್ತಾರೆ. ಪಕ್ಕದವು ನಾಲ್ಕು ನಿಮಿಷದ ಹೊತ್ತಿಗೆ ಖಾಲಿಯಾಗಿ ಕಳಚಿಕೊಳ್ಳುವಾಗ ನಡುವಿನದರಲ್ಲಿ ಇಂಧನ ಉಳಿದಿರಲಿ ಅಂತ. ಆರ್‌ಎಸ್-68ಎ ಕಡಿಮೆ ಭಾಗಗಳ, ಸರಳ ಎಂಜಿನ್. ದಕ್ಷತೆಯನ್ನು ಸ್ವಲ್ಪ ಬಿಟ್ಟುಕೊಟ್ಟು ಖರ್ಚು ಉಳಿಸಿದ ವಿನ್ಯಾಸ ಅದು. ಮೊದಲ ಹಂತಕ್ಕೆ ಅಷ್ಟು ಸಾಕು.

ನಿಜವಾದ ಕಸುಬು ಎರಡನೇ ಹಂತದ್ದು. ಆರ್‌ಎಲ್-10ಬಿ-2 ಎಂಜಿನ್‌ನ ನೂಕುಬಲ ಬರೀ 11 ಟನ್ ಆಸುಪಾಸು. ಆದರೆ ಅದರ ಐಎಸ್‌ಪಿ, ಅಂದರೆ ಇಂಧನದಿಂದ ನೂಕುಬಲ ತೆಗೆಯುವ ದಕ್ಷತೆಯ ಅಳತೆ, 465 ಸೆಕೆಂಡು. ಸೀಮೆಎಣ್ಣೆ ಉರಿಸುವ ಫಾಲ್ಕನ್ ರಾಕೆಟ್‌ನ ಮೇಲಿನ ಹಂತದ್ದು 348. ಹೆಚ್ಚು ಸಿ3 ಬೇಕಾದಷ್ಟೂ ಈ ಅಂತರ ದೊಡ್ಡದಾಗುತ್ತ ಹೋಗುತ್ತದೆ. ಇಷ್ಟಾದರೂ ಈ ಹಂತಕ್ಕೆ ಒಂದು ಕೊರತೆ: ಟ್ಯಾಂಕ್ ಖಾಲಿಯಾದ ಮೇಲೂ ಅದು ಸುಮಾರು 3.5 ಟನ್ ತೂಗುತ್ತದೆ, ನೌಕೆಯ ಐದು ಪಟ್ಟು. ಕೊನೆಯ ಹನಿ ಇಂಧನ ನೌಕೆಗಿಂತ ಹೆಚ್ಚಾಗಿ ಖಾಲಿ ಡಬ್ಬಿಯನ್ನೇ ನೂಕುತ್ತಿರುತ್ತದೆ. ಅದಕ್ಕೆ ಮದ್ದಾಗಿ ಸೇರಿಸಿದ್ದೇ ಮೂರನೇ ಹಂತ, ಸ್ಟಾರ್ 48ಬಿವಿ ಎಂಬ ಘನ ಇಂಧನದ ಮೋಟಾರ್. ಎರಡು ಟನ್ ಇಂಧನ, ಹಗುರ ಕವಚ, ದಿಕ್ಕು ತಿದ್ದಲು ತಿರುಗುವ ನಾಜಲ್. ಒಂದೂವರೆ ನಿಮಿಷದಷ್ಟು ಹೊತ್ತು ಉರಿದು ಸೆಕೆಂಡಿಗೆ ಸುಮಾರು ಮೂರೂವರೆ ಕಿ.ಮೀ. ಕೂಡಿಸುತ್ತದೆ. 2006ರಲ್ಲಿ ಅಟ್ಲಾಸ್-5 ರಾಕೆಟ್ ಕೂಡ ಸ್ಟಾರ್ 48ಬಿ ಹೊತ್ತು, ಪ್ಲೂಟೊ ಕಡೆಗೆ ಹೊರಟ ನ್ಯೂ ಹೊರೈಜನ್ಸ್ ನೌಕೆಗೆ ಹೆಚ್ಚುಕಡಿಮೆ ಇಷ್ಟೇ ಸಿ3 ಕೊಟ್ಟಿತ್ತು. ಆದರೆ ಆ ನೌಕೆ 478 ಕೆ.ಜಿ. ಅದಕ್ಕಿಂತ ಹೆಚ್ಚಿನ ಇನ್ನೂರು ಕೆ.ಜಿ.ಗಾಗಿಯೇ ಇಲ್ಲಿ ಹೆವಿ ಬೇಕಾಯಿತು.

ಫಲಿತಾಂಶದ ಬಗ್ಗೆ ತಕರಾರಿಲ್ಲ. 2018ರ ಆಗಸ್ಟ್ 12, ಭಾನುವಾರ, ನಮ್ಮಲ್ಲಿ ಮಧ್ಯಾಹ್ನ 1 ಗಂಟೆ 1 ನಿಮಿಷಕ್ಕೆ ಕೇಪ್ ಕೆನವೆರಲ್‌ನಿಂದ ಹೊರಟು, 43 ನಿಮಿಷದ ಹೊತ್ತಿಗೆ ನೌಕೆ ಬೇರ್ಪಟ್ಟಿತು. ಆಗಸ್ಟ್ 20ರಂದು ನೌಕೆ ಮಾಡಿಕೊಂಡ ಮೊದಲ ದಾರಿ ತಿದ್ದುಪಡಿ ಸೆಕೆಂಡಿಗೆ 10.5 ಮೀಟರ್ ಮಾತ್ರ. ಉಳಿದ ವೇಗವನ್ನು ಶುಕ್ರನ ಪಕ್ಕ ಏಳು ಸಲ ಹಾದು ಕಳೆದುಕೊಂಡಿತು. 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿ.ಮೀ. ಹತ್ತಿರ ಹೋಗಿ ಬಂತು.

ದೋಷಗಳೂ ಇವೆ, ಹೆಚ್ಚಿನವು ನೆಲದ ಮೇಲಿನವು. ಆರ್‌ಎಸ್-68ಎ ಹೊತ್ತಿಸುವಾಗ ಜಲಜನಕದ ವಾಲ್ವ್ ಮೊದಲು ತೆರೆಯಬೇಕು. ಆಮ್ಲಜನಕ ಹೆಚ್ಚಾದರೆ ಟರ್ಬೈನ್ ಸುಟ್ಟುಹೋಗುತ್ತದೆ. ಹೀಗೆ ಮುಂಚೆ ಬಿಟ್ಟ ಅನಿಲ ಹಗುರವಾದ್ದರಿಂದ ಕೆಳಗೆ ನಿಲ್ಲದೆ ಬೂಸ್ಟರ್ ಮೈಗುಂಟ ಮೇಲೇರುತ್ತದೆ. ಮರುಕ್ಷಣ ಅದಕ್ಕೆ ಬೆಂಕಿ ತಗುಲಿ ಇಡೀ ಬುಡವನ್ನು ಜ್ವಾಲೆ ಸುತ್ತಿಕೊಳ್ಳುತ್ತದೆ. ಕಿತ್ತಳೆ ಬಣ್ಣದ ಫೋಮ್ ಹೊದಿಕೆ ಕರಕಲಾಗುತ್ತದೆ. ರಾಕೆಟ್ ಏಳುವಾಗ ನೋಡಿ, ಕೆಳಭಾಗ ಕಪ್ಪಾಗಿಯೇ ಇರುತ್ತದೆ. ಒಂದು ಪಕ್ಕದ ಎಂಜಿನ್ನನ್ನು ಎರಡು ಸೆಕೆಂಡು ಮುಂಚೆ ಹೊತ್ತಿಸಿ, ಅದರ ಹೊಗೆಯ ಸೆಳೆತದಲ್ಲಿ ಜಲಜನಕ ಕೆಳಕ್ಕೆ ಹೋಗುವಂತೆ ಮಾಡಿದ್ದು ಒಳ್ಳೆಯ ಪರಿಹಾರ. ಬೆಂಕಿ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

2004ರ ಮೊದಲ ಹಾರಾಟದ ಪಾಠ ಇನ್ನೂ ಸೂಕ್ಷ್ಮ. ಆಮ್ಲಜನಕದ ಕೊಳವೆಯಲ್ಲಿ ಗುಳ್ಳೆ ಎದ್ದು, ದ್ರವ ಮುಗಿಯಿತೆಂದು ಸೆನ್ಸರ್‌ಗಳು ತಪ್ಪು ಸಂಕೇತ ಕೊಟ್ಟವು. ಟ್ಯಾಂಕ್‌ನಲ್ಲಿ ಇಂಧನ ಇದ್ದರೂ ಎಂಜಿನ್‌ಗಳು ಸುಮಾರು 8 ಸೆಕೆಂಡು ಮುಂಚೆ ನಿಂತವು, ಗುರಿ ಕಕ್ಷೆ ತಪ್ಪಿತು. ಪಾರ್ಕರ್ ಸರದಿಯಲ್ಲಿ ಫೇರಿಂಗ್, ಅಂದರೆ ನೌಕೆಯನ್ನು ಮುಚ್ಚುವ ಮೂತಿಯ ಕವಚದ ಒಳಗೆ ಫೋಮ್ ತುಣುಕು ಸಿಕ್ಕಿತು, ದಿನಾಂಕ ಮುಂದೆ ಹೋಯಿತು. ಆಗಸ್ಟ್ 11ರಂದು ಹೊರಡಲು 1 ನಿಮಿಷ 55 ಸೆಕೆಂಡು ಇರುವಾಗ ಹೀಲಿಯಂ ಒತ್ತಡದ ಎಚ್ಚರಿಕೆ ಬಂದು ಎಣಿಕೆ ನಿಂತಿತು. ಶುಕ್ರ ಸರಿಯಾದ ಜಾಗದಲ್ಲಿರುವ ಅವಧಿ ಆಗಸ್ಟ್ 23ಕ್ಕೆ ಮುಗಿಯುತ್ತಿತ್ತು. ಗ್ರಹಗಳ ಕಡೆಗೆ ಹೋಗುವ ಯೋಜನೆಗೆ ಇಂಥ ಕೊನೇ ಗಳಿಗೆಯ ತಡೆ ಈ ವಾಹನದ ದೊಡ್ಡ ಅಪಾಯ ಅನ್ನುವುದು ನಮ್ಮ ಅಭಿಪ್ರಾಯ. 2020ರ ಆಗಸ್ಟ್‌ನಲ್ಲಿ ಇನ್ನೊಂದು ಹೆವಿ ಎಣಿಕೆಯ ಕೊನೆಯ 3 ಸೆಕೆಂಡಿನಲ್ಲಿ ನಿಂತು, ಹಾರಿದ್ದು ಡಿಸೆಂಬರ್‌ನಲ್ಲಿ.

ಇಷ್ಟು ಹತ್ತಿರ ಹೋಗಬೇಕಿಲ್ಲದಿದ್ದರೆ ಅಗ್ಗದ ದಾರಿ ಇದೆ. ಸೂರ್ಯನನ್ನೇ ನೋಡಲು ಹೊರಟ ಯುರೋಪಿನ ಸೋಲಾರ್ ಆರ್ಬಿಟರ್ ನೌಕೆ 2020ರಲ್ಲಿ ಒಂದೇ ಒಂದು ಪಕ್ಕದ ಬೂಸ್ಟರ್ ಇದ್ದ ಅಟ್ಲಾಸ್-5ರಲ್ಲಿ ಹೋಗಿ, ಶುಕ್ರ ಮತ್ತು ಭೂಮಿಯ ಸೆಳೆತ ಬಳಸಿಕೊಂಡಿತು.

ಡೆಲ್ಟಾ-4 ಹೆವಿ 2024ರ ಏಪ್ರಿಲ್ 9ರಂದು ಕೊನೆಯ ಸಲ ಹಾರಿತು, ಈಗ ಸಿಗುವುದಿಲ್ಲ. ಪ್ರಾಜೆಕ್ಟ್‌ಗಾಗಿ ಫಾಲ್ಕನ್ ಹೆವಿ, ವಲ್ಕನ್, ನಮ್ಮ ಎಲ್‌ವಿಎಂ-3 ಇವನ್ನು ಹೋಲಿಸುವವರು ಕೆಳ ಕಕ್ಷೆಯ ಟನ್ ಅಂಕಿಯನ್ನು ಪಕ್ಕಕ್ಕಿಟ್ಟು ಮೂರು ವಿವರ ಹುಡುಕಿ: ಸಿ3 ಏರಿದಂತೆ ಒಯ್ಯಬಲ್ಲ ತೂಕ ಹೇಗೆ ಇಳಿಯುತ್ತದೆ ಎಂಬ ರೇಖೆ, ಮೇಲಿನ ಹಂತದ ಖಾಲಿ ತೂಕ, ಮತ್ತು ಅದರ ಮೇಲೆ ಸ್ಟಾರ್ 48ರಂಥ ಮೋಟಾರ್ ಕೂರಿಸಲು ಫೇರಿಂಗ್‌ನಲ್ಲಿ ಜಾಗ ಇದೆಯೇ ಅನ್ನುವುದು.