ಹಂಪ್ ಹೊಡೆದು ಬೆಂಡಾದ ಫೋರ್ಕ್: ಮೈಸೂರಿನಲ್ಲಿ ರಿಪೇರಿ ಆಗಿ ಎರಡು ಮಳೆಗಾಲ ಕಳೆದ ಮೇಲೆ

ಬೈಕಿನ ಮುಂಚಕ್ರ ಹಿಡಿಯುವ ಎರಡು ಕಾಲುಗಳೇ ಫೋರ್ಕ್. ಅದರ ಎಣ್ಣೆ ಸೋರದಂತೆ ತಡೆಯುವ ಸೀಲ್ ಬದಲಿಸಿ ಕಳಿಸುವ ಅಂಗಡಿಗಳಿಗೆ ಮೈಸೂರಿನಲ್ಲಿ ಬರವಿಲ್ಲ. ಫೋರ್ಕ್‌ನ ಕ್ರೋಮ್ ಪೈಪ್ ಬಿಚ್ಚಿ, ವಿ ಆಕಾರದ ಆಸರೆಯಾದ ವಿ-ಬ್ಲಾಕ್ ಮೇಲಿಟ್ಟು, ಸಣ್ಣ ವ್ಯತ್ಯಾಸವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಹಚ್ಚಿ ಬೆಂಡ್ ಎಷ್ಟಿದೆ ಎಂದು ತೋರಿಸುವವರು ಕಡಿಮೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಲೇತ್ ಶಾಪ್‌ನಲ್ಲಿ ಅದನ್ನು ತೋರಿಸಿದರು. ಈ ವಿಮರ್ಶೆ ಆ ಕೆಲಸದ ಬಗ್ಗೆ. ಗಾಡಿ 150 ಸಿಸಿಯದ್ದು, ಮುಂದೆ ಒಂದರೊಳಗೊಂದು ಕೊಳವೆ ಜಾರುವ ಮಾಮೂಲಿ ಟೆಲಿಸ್ಕೋಪಿಕ್ ಫೋರ್ಕ್.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ಮಂಡ್ಯ ಕಡೆಯವರಿಗೆ ಸರ್ವಿಸ್ ರಸ್ತೆಯೇ ಗತಿ. ಬಣ್ಣ ಅಳಿಸಿದ ಹಂಪ್, ಕಬ್ಬಿನ ಗಾಡಿಯಿಂದ ಬಿದ್ದ ಜಲ್ಲೆ, ಗುಂಡಿ, ಎಲ್ಲ ಅಲ್ಲೇ. ರಾತ್ರಿ ವೇಗದಲ್ಲಿ ಹೊಡೆದರೆ ಪೈಪ್ ಬಾಗುವುದು ಹೆಚ್ಚಾಗಿ ಕೆಳಗಿನ ಟಿ (ಎರಡೂ ಪೈಪ್ ಜೋಡಿಸಿ ಹಿಡಿಯುವ ಅಡ್ಡಪಟ್ಟಿ) ಹಿಡಿತದ ಸ್ವಲ್ಪ ಕೆಳಗೆ, ಹಿಂದಕ್ಕೆ. ಹಂಪ್ ನೇರವಾಗಿ ಹೊಡೆದಿದ್ದರೆ ಎರಡೂ ಪೈಪ್ ಒಟ್ಟಿಗೇ ಬಾಗಿರುತ್ತವೆ. ಆಗ ಹ್ಯಾಂಡಲ್ ನೇರವಾಗಿಯೇ ಕಾಣುತ್ತದೆ, ಕಣ್ಣಿಗೆ ಮೋಸ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಒತ್ತಿ ನೋಡಿ: ಅರ್ಧದಲ್ಲಿ ಹಿಡಿದುಕೊಂಡು, ಬಿಟ್ಟಾಗ ತಡವಾಗಿ ಮೇಲೆದ್ದರೆ ಅನುಮಾನ ಸರಿ.

ಹ್ಯಾಂಡಲ್ ಒಂದು ಪಕ್ಕಕ್ಕೆ ತಿರುಗಿದ್ದರೆ ಮಾತ್ರ ಮೊದಲು ಕೆಳಗಿನ ಟಿ ಬೋಲ್ಟ್, ಆಕ್ಸಲ್, ಮಡ್‌ಗಾರ್ಡ್ ಸಡಿಲಿಸಿ, ನಾಲ್ಕು ಬಾರಿ ಒತ್ತಿ, ಮತ್ತೆ ಬಿಗಿ ಮಾಡಿಸಿ. ಪೈಪ್ ಬಾಗದೆ ಟಿಯಲ್ಲಿ ತಿರುಚಿಕೊಂಡಿದ್ದರೆ ಅಷ್ಟಕ್ಕೇ ಸರಿಹೋಗುತ್ತದೆ. ಇದನ್ನು ನೋಡದೆ ಸೀದಾ ಪೈಪ್ ಬದಲಿಸಿ ಅನ್ನುವ ಮೆಕ್ಯಾನಿಕ್ ಬಳಿ ಗಾಡಿ ಬಿಡಬೇಡಿ.

ಅಳತೆಯ ವಿಷಯ ಗೊತ್ತಿರಲಿ. ಪೈಪ್ ಒಂದು ಸುತ್ತು ತಿರುಗಿಸಿದಾಗ ಗೇಜ್ ಮುಳ್ಳು ಒಟ್ಟು ಎಷ್ಟು ಓಡಾಡುತ್ತದೋ ಅದರ ಅರ್ಧವೇ ಬೆಂಡ್. ಅನೇಕ ಕಂಪನಿಗಳ ಸರ್ವಿಸ್ ಮ್ಯಾನುಯಲ್‌ನಲ್ಲಿ ಮಿತಿ 0.2 ಮಿ.ಮೀ., ಅಂದರೆ ಮುಳ್ಳು 0.4ರ ಒಳಗಿರಬೇಕು. ಇಲ್ಲಿ ಮುಳ್ಳು ಎಡಗಡೆಯದ್ದಕ್ಕೆ 0.5, ಬಲಗಡೆಯದ್ದಕ್ಕೆ 3 ಮಿ.ಮೀ. ತೋರಿಸಿತು. ಬಲಗಡೆಯ ಪೈಪ್‌ನಲ್ಲಿ ಬಾಗಿದ ಜಾಗದಲ್ಲೇ ಕ್ರೋಮ್ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಉಗುರಿಗೆ ತಾಕುತ್ತಿತ್ತು. ಅದಕ್ಕೆ ಹೊಸ ಪೈಪ್ ಹಾಕಿದರು, ಎಡಗಡೆಯದ್ದನ್ನು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಸ್ವಲ್ಪ ಸ್ವಲ್ಪವೇ ಒತ್ತಿ ನೇರ ಮಾಡಿದರು. ಆದರೆ ಬೆಂಡಾದ ಪೈಪ್ ನೇರ ಮಾಡಬೇಡಿ, ಅಪಾಯಕರವಾಗಿ ದುರ್ಬಲವಾಗುತ್ತದೆ ಎಂದು ಯಮಹಾ ಮ್ಯಾನುಯಲ್‌ಗಳು ಎಚ್ಚರಿಸುತ್ತವೆ. ಆ ಮಾತಿಗೆ ಬೆಲೆ ಕೊಡಬೇಕು. ಕೂಲಿ ಕಡಿಮೆ ಎಂದು ಗ್ಯಾಸ್ ಹಚ್ಚಿ ಕಾಯಿಸಿ ನೇರ ಮಾಡುವವರಂತೂ ಬೇಡವೇ ಬೇಡ: ಉಕ್ಕಿನ ಹದ ಹೋಗುತ್ತದೆ, ಕ್ರೋಮ್ ಏಳುತ್ತದೆ, ಮುಂದಿನ ಮಳೆಗೆ ಅಲ್ಲಿ ತುಕ್ಕು ಹಿಡಿದು ಹೊಸ ಸೀಲನ್ನೂ ಹರಿಯುತ್ತದೆ. ಸೀಲ್ ಹಾಕಿ ತಿಂಗಳಾಗಿಲ್ಲ, ಮತ್ತೆ ಸೋರುತ್ತಿದೆ ಎಂಬ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಸೀಲಿನದ್ದಲ್ಲ, ಪೈಪಿನದ್ದು.

ಜೋಡಣೆಯಲ್ಲಿ ಮೆಚ್ಚಿದ್ದು ಎಂದರೆ ಪೈಪಿನ ಮೇಲಂಚಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಸೀಲಿನ ತುಟಿಗೆ ಗ್ರೀಸ್ ಸವರಿ ಇಳಿಸಿದ್ದು. ಹಾಗೆ ಮಾಡದಿದ್ದರೆ ಅಂಚು ತುಟಿಯನ್ನು ಅಲ್ಲೇ ಕತ್ತರಿಸುತ್ತದೆ. ಸೀಲ್ ಕೂರಿಸಲು ಸ್ಕ್ರೂಡ್ರೈವರ್ ಬಳಸಲಿಲ್ಲ, ಅಳತೆಗೆ ಹೊಂದುವ ಪಿವಿಸಿ ಪೈಪ್ ತುಂಡಿನಿಂದ ಸಮವಾಗಿ ತಟ್ಟಿದರು. ಬಾಟಮ್‌ನ (ಪೈಪ್ ಜಾರುವ ಕೆಳಗಿನ ಹೊರ ಕೊಳವೆಯ) ಅಲೆನ್ ಬೋಲ್ಟ್‌ಗೆ ಮಾತ್ರ ಹಳೇ ತಾಮ್ರದ ವಾಷರ್ ಹಾಕಿದ್ದರಿಂದ ಕೆಲವೇ ವಾರಗಳಲ್ಲಿ ಆಕ್ಸಲ್ ಹತ್ತಿರ ಎಣ್ಣೆ ಜಿನುಗಿತು. ಹೊಸ ವಾಷರ್ ಹಾಕಿದ ಮೇಲೆ ನಿಂತಿತು. ಅಷ್ಟು ನಾಜೂಕಿನ ಕೆಲಸ ಮಾಡಿ ಚಿಲ್ಲರೆ ಕಾಸಿನ ವಾಷರ್‌ಗೆ ಯಾಕೆ ಜಿಪುಣತನವೋ!

ಎಣ್ಣೆ ಹಾಕುವಾಗ ಎದುರಿಗೇ ನಿಂತುಕೊಳ್ಳಿ. ಮಾಮೂಲಿ ಗಾಡಿಗೆ 10ಡಬ್ಲ್ಯೂ (ಎಣ್ಣೆಯ ಮಂದತೆಯ ದರ್ಜೆ) ಫೋರ್ಕ್ ಆಯಿಲ್, ಪ್ರಮಾಣ ಆಯಾ ಗಾಡಿಯ ಮ್ಯಾನುಯಲ್‌ನಂತೆ, ಎರಡೂ ಕಡೆ ಅಳತೆ ಲೋಟದಲ್ಲಿ ಸಮ. 20ಡಬ್ಲ್ಯೂ-40 ಎಂಜಿನ್ ಆಯಿಲ್ ಸುರಿದರೆ ಗಟ್ಟಿಯಾಗಿ, ಒತ್ತಿದ್ದು ತಡವಾಗಿ ಮೇಲೇಳುತ್ತದೆ. ಎಣ್ಣೆ ಜಾಸ್ತಿಯಾದರೆ ಮೇಲಿನ ಗಾಳಿಗೆ ಜಾಗವಿಲ್ಲದೆ ದೊಡ್ಡ ಹಂಪ್‌ನಲ್ಲಿ ಒತ್ತಡ ಏರಿ ಸೀಲ್ ಹೋಗುತ್ತದೆ. ಕಡಿಮೆಯಾದರೆ ಬ್ರೇಕ್ ಹಿಡಿದಾಗ ಮುಂಭಾಗ ಧಡ್ ಎಂದು ಕೂರುತ್ತದೆ.

ಈಗಿನ ಸ್ಥಿತಿ: ಹೊಸ ಪೈಪ್ ಒಣಗಿದಂತಿದೆ. ನೇರ ಮಾಡಿದ ಪೈಪ್‌ನಲ್ಲಿ ಸೋರಿಕೆ ಇಲ್ಲ, ಆದರೆ ಮಳೆಯ ಕೆಸರಿನ ನಂತರ ಮೇಲಿನ ಧೂಳು ತಡೆಯುವ ಡಸ್ಟ್ ಸೀಲ್ ಎತ್ತಿ ಒರೆಸದಿದ್ದರೆ ತೆಳು ಎಣ್ಣೆ ಗೆರೆ ಕಾಣುತ್ತದೆ. ಹ್ಯಾಂಡಲ್ ತಿರುಗುವ ಬೇರಿಂಗ್ ಆದ ಕೋನ್ ಸೆಟ್ ಅದೇ ಏಟಿಗೆ ಪೆಟ್ಟು ತಿಂದಿತ್ತು, ಹ್ಯಾಂಡಲ್ ನಡುವಿನಲ್ಲಿ ಕಚ್ಚಿ ನಿಲ್ಲಲು ಶುರುವಾದ ಮೇಲೆ ಬೇರೆಯಾಗಿ ಬದಲಿಸಬೇಕಾಯಿತು. ಫೋರ್ಕ್ ಬಿಚ್ಚಿದಾಗಲೇ ಅದನ್ನೂ ನೋಡಿದ್ದರೆ ಒಂದು ಕೂಲಿ ಉಳಿಯುತ್ತಿತ್ತು, ಅಂಗಡಿಯವರು ಹೇಳಲಿಲ್ಲ.

ಐದಕ್ಕೆ ನಾಲ್ಕು. ಹಿಂದಿನ ಗ್ಯಾಸ್ ಶಾಕ್ ಅಬ್ಸಾರ್ಬರ್ ರಾಡ್ ಬಾಗಿದ್ದರೆ ಅಲ್ಲಿಗೆ ಒಯ್ಯಬೇಡಿ. ಅದರೊಳಗೆ ಒತ್ತಡದ ನೈಟ್ರೋಜನ್ ಇರುತ್ತದೆ, ಲೇತ್ ಶಾಪ್‌ನಲ್ಲಿ ಬಿಚ್ಚುವ ವಸ್ತುವಲ್ಲ. ಹೊಸ ಜೊತೆಯನ್ನೇ ಹಾಕಿಸಿ.